ಒದ್ದೆ ಗೋಣಿಚೀಲ

ಹೂಜಿಗೆ ಸುತ್ತಿದ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ಅಪ್ಪ ಅಮ್ಮ ತರೀಕೆರೆಗೆ ಮದುವೆಗೆ ಹೋಗಿದ್ದರು. ಅಜ್ಜಂಪುರದ ಮನೆಯಲ್ಲಿ ಉಳಿದದ್ದು ಅಜ್ಜಿ, ನಾನು ಮತ್ತು ಹಿತ್ತಿಲಲ್ಲಿ ಗಬ್ಬದ ಎಮ್ಮೆ. ಮಧ್ಯಾಹ್ನದ ಬಿಸಿಲಿಗೆ ಎಮ್ಮೆ ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು. ಬಾಯಿಂದ ನೊರೆ ಇಳಿಯುತ್ತಿತ್ತು. ಕರೆಂಟಿಲ್ಲದೆ ಮೋಟಾರು ನಿಂತಿತ್ತು. ಅಜ್ಜಿ ಬೀದಿಯ ಕೈಪಂಪಿನಿಂದ ಕೊಡದಲ್ಲಿ ನೀರು ಹೊತ್ತು ತಂದಳು.

ನಾನು ಚೊಂಬು ತುಂಬಿ ಎಮ್ಮೆಯ ನೆತ್ತಿಗೆ ಸುರಿಯಲು ಹೋದೆ. ಅಜ್ಜಿ ಕೈ ಹಿಡಿದಳು.

“ತಲೆಗಲ್ಲ ಕಣೇ. ಮೈ ಕಾದಿರುವಾಗ ತಲೆಗೆ ಹಾಕಿದ್ರೆ ಬಿದ್ಬಿಡುತ್ತೆ. ಮೊದ್ಲು ಕಾಲಿಗೆ ಹಾಕು, ಆಮೇಲೆ ಹೊಟ್ಟೆಗೆ.”

ಎಮ್ಮೆಯ ಬೆನ್ನಿಗೆ ನೆನೆಸಿದ ಗೋಣಿ ಹೊದಿಸಿ ಅವಳು ಮತ್ತೆ ಪಂಪಿಗೆ ಹೋದಳು, ಬಂದಳು, ಮತ್ತೆ ಹೋದಳು. ಕೊನೆಗೂ ಎಮ್ಮೆಯ ಉಸಿರು ನಿಧಾನವಾಯಿತು. ಅದನ್ನು ಹೇಳಲು ತಿರುಗಿದರೆ, ಅಜ್ಜಿ ಹಿತ್ತಿಲ ಬಾಗಿಲಲ್ಲಿ ತುಂಬಿದ ಕೊಡದ ಪಕ್ಕ ಕುಸಿದಿದ್ದಳು. ಮುಟ್ಟಿದರೆ ಮೈ ಕಾದ ಹೆಂಚಿನಂತಿತ್ತು. ಕರೆದರೆ ಓಗೊಡಲಿಲ್ಲ.

ಪಕ್ಕದ ಮನೆಯವರನ್ನು ಕೂಗಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಎಮ್ಮೆಯ ಮೇಲಿದ್ದ ಗೋಣಿಯನ್ನೇ ಎಳೆದು ತಂದು ಅಜ್ಜಿಗೆ ಹೊದಿಸಿದೆ. ಅದರಲ್ಲಿ ಗಂಜಲದ ವಾಸನೆಯಿತ್ತು, ಎಮ್ಮೆಯ ಬಿಸಿ ಇನ್ನೂ ಇತ್ತು. ಕೊಡದ ನೀರನ್ನು ಚೊಂಬಿನಲ್ಲಿ ಮೊಗೆದು ಮೊದಲು ಅವಳ ಕಾಲಿಗೆ ಹಾಕಿದೆ, ಆಮೇಲೆ ಹೊಟ್ಟೆಗೆ. ಸತ್ತೇ ಹೋದರೆ ಎಂದು ಹೆದರಿ ತಲೆಯನ್ನು ಮಾತ್ರ ಮುಟ್ಟಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಕಣ್ಣು ತೆರೆದಳು.

“ಎಮ್ಮೆಗ್ ತಂದ ನೀರ್ನೆಲ್ಲಾ ನನ್ ಮೇಲ್ ಸುರಿದ್ಬಿಟ್ಯಲ್ಲೇ” ಎಂದು ಬೈದಳು.

ನನಗೆ ಅಳು ಬಂದದ್ದು ಆಗ.