ತಿಪ್ಪೆಯ ಕಾವು

ಉಂಡೆ ಬೆಲ್ಲ ಕಿಲೋಗೆ ಅರವತ್ತು. ಕಸಕಡ್ಡಿ ಸೇರಿದ ಕರಿ ಬೆಲ್ಲಕ್ಕೆ ಅದರರ್ಧ. ಅಶ್ವತ್ಥಪ್ಪನ ಜೀಪಿನಿಂದ ಇಳಿದದ್ದು ಕರಿ ಬೆಲ್ಲ, ಎರಡು ಮೂಟೆ. ಕರಿ ಬೆಲ್ಲದಲ್ಲಿ ಯಾರೂ ಪಾಯಸ ಮಾಡುವುದಿಲ್ಲ.

ಹನುಮಯ್ಯ ಈ ಲೆಕ್ಕವನ್ನು ಜಗಲಿಯ ಮೇಲೆ ಕೂತು, ರಾಡು ಹಾಕಿದ ಎಡಗಾಲು ಚಾಚಿಕೊಂಡು ಹಾಕಿದ. ಹೂಕೋಸಿನ ಲಾರಿಯಿಂದ ಬಿದ್ದ ಮೇಲೆ ಅವನಿಗೆ ಉಳಿದ ಕೆಲಸ ಅದೊಂದೇ, ಎದುರು ಮನೆ ಕಾಯುವುದು. ಎದುರು ಮನೆಯ ಅಶ್ವತ್ಥಪ್ಪನಿಗೆ ಹೆಂಡತಿ ಇಲ್ಲ, ತೀರಿಕೊಂಡು ನಾಲ್ಕು ವರ್ಷ. ಕೊಟ್ಟಿಗೆ ತುಂಬ ಹಸು. ತಮಿಳು ಗಡಿಯ ತಳಿ ಪೇಟೆಗೂ ಗುಮ್ಮಳಾಪುರಕ್ಕೂ ಓಡುವ ಜೀಪು. ಎರಡು ಕಾಲೂ ನೆಟ್ಟಗೆ. ಹನುಮಯ್ಯನ ಹಸುಗಳು ಆಪರೇಷನ್ನಿನ ಖರ್ಚಿಗೇ ಮಾರಿ ಮುಗಿದಿದ್ದವು. ಆಮೇಲಿನ ಮಾತ್ರೆ, ಮುಲಾಮಿಗೆಲ್ಲ ಮಾಲೂರಿನ ತನ್ನ ತಮ್ಮ ದುಡ್ಡು ಕಳಿಸುತ್ತಾನೆ ಎಂದು ಹೆಂಡತಿ ರಾಧಾಮಣಿ ಹೇಳಿದ್ದಳು.

ಅವನನ್ನು ಸುಡುತ್ತಿದ್ದದ್ದು ಬೆಲ್ಲವಲ್ಲ, ರಾಧಾಮಣಿ.

ದಿನಾ ಹೊತ್ತಿಳಿಯುವಾಗ ಅವಳು ಬುಟ್ಟಿ ಹಿಡಿದು ಅಶ್ವತ್ಥಪ್ಪನ ಕೊಟ್ಟಿಗೆಯ ಹಿಂದಕ್ಕೆ ಹೋಗುತ್ತಿದ್ದಳು. ಬೆರಣಿಗೆ ಸಗಣಿ ತರೋಕೆ ಅನ್ನುತ್ತಿದ್ದಳು. ಒಂದು ಬುಟ್ಟಿ ಸಗಣಿಗೆ ಅಷ್ಟು ಹೊತ್ತು ಬೇಕೆ? ವಾಪಸು ಬಂದಾಗ ಮುಖ ಕೆಂಪಗೆ, ಸೀರೆಯಲ್ಲಿ ಏನೋ ಹುಳಿ ವಾಸನೆ. ಬಂದವಳೇ ಸೀಗೆಪುಡಿ ಹಾಕಿ ಕೈ ತಿಕ್ಕುತ್ತಿದ್ದಳು. ತಿಕ್ಕುತ್ತಾ ಗುನುಗುತ್ತಿದ್ದಳು. ಅವಳಪ್ಪ ಕೆಲಸ ಮಾಡುವಾಗ ಹಾಡಿಕೊಳ್ಳುತ್ತಿದ್ದ ಹಾಡು. ಮದುವೆಯಾದ ಮೇಲೆ ಅದನ್ನು ಅವಳು ಬಾಯಿಗೇ ತಂದಿರಲಿಲ್ಲ.

ಒಂದು ದಿನ ಕೇಳಿಯೇಬಿಟ್ಟ. "ಆ ಮನೇದೇ ಬೇಕೇನೇ ನಿಂಗೆ?"

"ಹಸ ಮಾರಿದ ಮೇಲೆ ನಮ್ಮ ತಿಪ್ಪೆ ತಣ್ಣಗಾಗೋಯ್ತು," ಅಂದಳು ರಾಧಾಮಣಿ, ತಲೆ ಎತ್ತದೆ. "ಬಿಸಿ ಇರೋ ಕಡೀಕೆ ತಾನೆ ಹೋಗ್ಬೇಕು?"

ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಧನುರ್ಮಾಸದ ಚಳಿ ಬಂತು. ತಳಿಯ ಚಳಿ ಮುರಿದ ಮೂಳೆಯನ್ನು ಹುಡುಕಿಕೊಂಡು ಬರುತ್ತದೆ. ಹನುಮಯ್ಯ ತನ್ನ ಕಂಬಳಿ ಕೇಳಿದ. ಮದುವೆಯ ವರ್ಷ ಕೊಂಡದ್ದು. ಬೀಡಿ ಕಿಡಿ ಬಿದ್ದು ಮೂಲೆಯಲ್ಲಿ ತೂತಾದಾಗ ರಾಧಾಮಣಿಯೇ ಹಳದಿ ದಾರದಲ್ಲಿ ಹೊಲಿದಿದ್ದಳು. ಈಗ ಕೇಳಿದರೆ, ಇಲಿ ಕಡಿದು ಹಾಳಾಯಿತು, ಬಿಸಾಕಿದೆ ಎಂದಳು. ಅವನ ಕಾಲಿನ ಮೇಲೆ ಎರಡು ದುಪ್ಪಟಿ ಹೊದಿಸಿದಳು. ಅವನು ನಡುಗುತ್ತಲೇ ಇದ್ದ.

ಅವಳು ಸಂತೆಗೆ ಹೋದ ಮಧ್ಯಾಹ್ನ ಹನುಮಯ್ಯ ಊರುಗೋಲು ಹಿಡಿದು ರಸ್ತೆ ದಾಟಿದ. ಕೊಟ್ಟಿಗೆಯ ಹಿಂದೆ ಅಶ್ವತ್ಥಪ್ಪನ ತಿಪ್ಪೆ ಹಬೆಯಾಡುತ್ತಿತ್ತು. ಕೋಳಿಯೊಂದು ಏನನ್ನೋ ಕುಕ್ಕಿ ಕುಕ್ಕಿ, ಎರಡು ಹೆಜ್ಜೆ ನಡೆದು, ಒಂದು ಕಡೆಗೆ ವಾಲಿಕೊಂಡು ಕೂತಿತು. ಊರುಗೋಲಿನಿಂದ ಗೊಬ್ಬರ ಕೆದಕಿದ. ನೀಲಿ ಡ್ರಮ್ಮು. ಸಾರಾಯಿ ಕಾಯಿಸಲು ಹುಳಿಯುತ್ತಿದ್ದ ಬೆಲ್ಲದ ಕೊಳೆ.

ಡ್ರಮ್ಮು ಅವನಿಗೆ ಸರಿಯಾಗಿ ಕಾಣಲೇ ಇಲ್ಲ. ಕಂಡದ್ದು ಅದರ ಸುತ್ತ ಬಿಗಿದಿದ್ದ ಕಂಬಳಿ. ಮೂಲೆಯಲ್ಲಿ ಹಳದಿ ಹೊಲಿಗೆ.

ಗಂಡನ ಮೈಮೇಲಿನ ಕಂಬಳಿಯನ್ನೂ ಅವನಿಗೆ ಕೊಟ್ಟಿದ್ದಾಳೆ. ಹನುಮಯ್ಯ ಅಲ್ಲೇ ನಿಂತು ಪೊಲೀಸರಿಗೆ ಫೋನು ಮಾಡಿದ.

ಮಾರನೆಯ ಬೆಳಗ್ಗೆ ಅವರು ಬಂದು ತಿಪ್ಪೆ ಅಗೆದರು. ಊರೇ ನೆರೆಯಿತು. ಇದು ಯಾರದೆಂದು ಇನ್ಸ್‌ಪೆಕ್ಟರು ತಮಿಳಿನಲ್ಲಿ ಕೇಳಿದರು. ರಾಧಾಮಣಿಯ ಮುಖದಲ್ಲಿ ರಕ್ತವಿರಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಅಶ್ವತ್ಥಪ್ಪ ಅವಳ ಮುಂದೆ ಬಂದು ನಿಂತ.

"ನಂದೇ ಸಾರ್. ಇನ್ಯಾರ್ಗೂ ಗೊತ್ತಿಲ್ಲ."

ಯಾವಾಗ ಇಟ್ಟದ್ದು ಅಂದರೆ, ನೆನ್ನೆ ಅಂದ. ಪೊಲೀಸರು ನಕ್ಕರು. ನೊರೆಯೆಲ್ಲ ಅಡಗಿ ಕೊಳೆ ಹೀಗೆ ಹದಕ್ಕೆ ಬರಲು ದಿನಗಟ್ಟಲೆ ಬೇಕು, ಇಟ್ಟವನಿಗೇ ಅದರ ವಯಸ್ಸು ತಿಳಿಯದೇ ಎಂದು ಛೇಡಿಸಿದರು. ಡ್ರಮ್ಮನ್ನು ಮೋರಿಗೆ ಸುರಿದು, ಅಶ್ವತ್ಥಪ್ಪನನ್ನು ಅವನ ಜೀಪಿನಲ್ಲೇ ಕೂರಿಸಿಕೊಂಡು ಹೋದರು.

ಪೊಲೀಸರು ತಿಪ್ಪೆಯ ಮೇಲೆ ಬಿಸಾಕಿ ಹೋಗಿದ್ದ ಕಂಬಳಿಯನ್ನು ಸಂಜೆ ರಾಧಾಮಣಿ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಕಂಬಳಿ ಮನೆಗೆ ಬಂತು, ಹೆಂಡತಿಯೂ ಬಂದಂತೆಯೇ ಎಂದುಕೊಂಡ ಹನುಮಯ್ಯ. ಸುಮ್ಮನಿರಲಾಗಲಿಲ್ಲ.

"ಯಾವತ್ತು ಇಟ್ಟಿದ್ದು ಅಂತ್ಲೂ ಹೇಳಕ್ಕೆ ಬರ್ಲಿಲ್ಲ. ನೋಡ್ದಾ ನಿನ್ನ ಗಂಡ್ಸನ್ನ?"

"ಅವ್ನಿಗೆ ಹೆಂಗ್ ಗೊತ್ತಾಯ್ತದೆ?" ಅಂದಳು ಅವಳು, ಒಗೆಯುವುದು ನಿಲ್ಲಿಸದೆ. "ಇಟ್ಟೋಳು ನಾನು."

ಅವಳು ಕಂಬಳಿ ಮಗುಚಿ ಹಾಕಿದಳು.

"ನಮ್ಮಪ್ಪನ ಕಸುಬು. ಅದ್ರ ಸುದ್ದಿನೇ ಎತ್ಬಾರ್ದು ಅಂತ ಮದ್ವೇಲಿ ಆಣೆ ಹಾಕಿಸ್ಕೊಂಡಿದ್ಯಲ್ಲ. ಈ ಚಳೀಲಿ ತಿಪ್ಪೆ ಕಾವೊಂದೇ ಸಾಲ್ದು, ಹುಳಿಯೋದು ನಿಂತೋಯ್ತದೆ. ಅದ್ಕೇ ಕಂಬ್ಳಿ ಸುತ್ತಿದ್ದೆ."

ಮಾಲೂರಿನ ತಮ್ಮನ ವಿಷಯ ಕೇಳಿದ. ಅವನು ಮಾತು ಬಿಟ್ಟು ಎರಡು ವರ್ಷವಾಯಿತು ಎಂದಳು. ಹನುಮಯ್ಯ ತನ್ನ ಕಾಲು ನೋಡಿಕೊಂಡ.

"ಬೆಲ್ಲ ತಂದ್ಕೊಟ್ಟಿದ್ದಕ್ಕೆ ಜೀಪಿನ ಬಾಡ್ಗೆನೂ ಮುಟ್ಲಿಲ್ಲ ಆ ಮನ್ಸ. ಒಂದಿನ ನನ್ ಮುಖ ನೆಟ್ಟಗೆ ನೋಡ್ದೋನಲ್ಲ. ಇವತ್ತು ಮುಂದೆ ಬಂದು ನಿಂತ್ಕೊಂಡ." ಕಂಬಳಿ ಹಿಂಡಿದಳು. "ನೀನು ಫೋನ್ ಮಾಡ್ದೆ."

ಕಂಬಳಿ ಒಣಗಿದ ಬೆಳಗ್ಗೆ ಅವನ ಮಾತ್ರೆ, ನೀರು ಕೈಗೆಟಕುವಂತೆ ಇಟ್ಟಳು. ಬಿಸಿ ಮುದ್ದೆ ಡಬ್ಬಿಗೆ ಕಟ್ಟಿದಳು. ಕಂಬಳಿಯನ್ನು ಮಡಿಸಿದಳು. ಹನುಮಯ್ಯ ಕೈ ಚಾಚಿದ. ಅವಳು ಅದನ್ನು ಕಂಕುಳಲ್ಲಿಟ್ಟುಕೊಂಡು, ಜೈಲಿನಲ್ಲಿ ನೆಲ ತಣ್ಣಗಿರುತ್ತದಂತೆ ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಅಂದಿನವರೆಗೆ ಅವಳ, ಅಶ್ವತ್ಥಪ್ಪನ ನಡುವೆ ಏನೂ ಇರಲಿಲ್ಲ.