ಅಪ್ಪ ಆರಿಸಿದ ಪೈಪು

ಪೈಪು ತಾನಾಗಿ ಒಡೆದದ್ದಲ್ಲ. ಯಾರೋ ಕೊಯ್ದದ್ದು.

ಬಾನೆಟ್ ಎತ್ತಿ ಹಿಡಿದ ಅಪ್ಪನ ಪಕ್ಕದಲ್ಲಿ ಬಗ್ಗಿ ನೋಡಿದಾಗಲೇ ಅವಳಿಗೆ ಅದು ಖಾತ್ರಿಯಾಯಿತು. ರೇಡಿಯೇಟರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪು ಬಾಗುವ ಜಾಗದಲ್ಲಿ, ಬ್ಲೇಡು ಎಳೆದ ಹಾಗೆ ನೆಟ್ಟಗೆ ಬಾಯಿಬಿಟ್ಟಿತ್ತು. ನೀರು ಗೇಟಿನವರೆಗೂ ಹರಿದಿತ್ತು.

"ಅಪ್ಪಾ, ಇದು ಅವನದ್ದೇ ಕೆಲಸ."

"ಸುಮ್ನಿರು. ಹಳೇ ರಬ್ಬರು, ಬಿಸಿ ತಿಂದೂ ತಿಂದೂ ಸೀಳುತ್ತೆ. ಕಣ್ಣಾರೆ ನೋಡದೆ ಯಾರ ಮೇಲೂ ಅನುಮಾನ ಪಡಬಾರದು."

ಇಂಥ ಹೊತ್ತಿನಲ್ಲೂ ಅಳಿಯನ ಮೇಲೆ ತಪ್ಪು ಹೊರಿಸದ ಮನಸ್ಸು ಅಪ್ಪನದು ಎಂದುಕೊಂಡಳು. ಆ ಅಳಿಯನ ಏಟಿಗೇ ಅವಳ ಎಡಗಿವಿ ಮಂದವಾದದ್ದು. ಮಗುವನ್ನು ಎತ್ತಿಕೊಂಡು ತವರಿಗೆ ಬಂದ ದಿನ ಅಪ್ಪ ಯಾಕೆ, ಏನು ಎಂದು ಒಂದು ಮಾತೂ ಕೇಳಿರಲಿಲ್ಲ. ತನ್ನ ಕೋಣೆ ಬಿಟ್ಟುಕೊಟ್ಟು ಹಾಲಿನಲ್ಲಿ ಹಾಸಿಗೆ ಹಾಸಿಕೊಂಡಿದ್ದ.

ಇವತ್ತು ಗಂಡನ ಊರಿನ ಕೋರ್ಟಿನಲ್ಲಿ, ಮಗು ಯಾರ ಹತ್ತಿರ ಇರಬೇಕೆಂಬ ವಿಚಾರಣೆ. ಕಳೆದ ಸಲ ಹೊರಡುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಕೈಕೊಟ್ಟಿತ್ತು. ಮತ್ತೆ ಬರದಿದ್ದರೆ ಒಬ್ಬರ ಮಾತು ಕೇಳಿಯೇ ತೀರ್ಮಾನಿಸುತ್ತೇನೆ ಎಂದು ನ್ಯಾಯಾಧೀಶರು ಖಂಡಿತವಾಗಿ ಹೇಳಿದ್ದರು. ಊಟದ ಬಿಡುವಿಗೆ ಮುಂಚೆ ಅವಳು ಅಲ್ಲಿರಲೇಬೇಕು. ಮಗುವನ್ನು ಪಕ್ಕದ ಮನೆಯಾಕೆಯ ಮಡಿಲಿಗೆ ಹಾಕಿಯೂ ಆಗಿತ್ತು.

"ಬಸ್ಸಿಗೆ ಹೋಗ್ಲಾ?"

"ಬಸ್ಸು ಊರೂರು ಸುತ್ಕೊಂಡು ಹೋಗುತ್ತೆ. ಪೈಪು ಹಾಕಿಬಿಟ್ರೆ ಅದಕ್ಕಿಂತ ಮೊದಲೇ ನಾವಿರ್ತೀವಿ."

"ಹಾಗಾದ್ರೆ ಬಾಡಿಗೆ ಕಾರು..."

"ಜೀವಮಾನವೆಲ್ಲ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿದೋನು ನಾನು. ನಾನಿರೋವಾಗ ಕಂಡೋರ ಗಾಡಿ ಯಾಕೆ ತಾಯೀ?"

ಆ 'ತಾಯೀ'ಗೆ ಅವಳು ಕರಗಿಹೋದಳು. ಫೈಲು ಎದೆಗವಚಿಕೊಂಡು ಅಪ್ಪನ ಸ್ಕೂಟರಿನ ಹಿಂದೆ ಕೂತಳು.

ಮೊದಲ ಅಂಗಡಿಯವನು ಕೊಟ್ಟ ಪೈಪಿನ ಬಾಯಿಗೆ ಅಪ್ಪ ಹಳೆಯದನ್ನು ಒತ್ತಿಹಿಡಿದು ನೋಡಿದ. ಕೂದಲೆಳೆಯಷ್ಟು ಅಗಲ ಹೆಚ್ಚಂತೆ. ಕ್ಲಿಪ್ಪು ಬಿಗಿದರೂ ಸೋರುತ್ತದಂತೆ. ಮುಂದಿನ ಅಂಗಡಿಯಲ್ಲಿ ಅಳತೆ ಸರಿಯಿತ್ತು, ಪೈಪು ನೇರವಿತ್ತು. "ಬಗ್ಗಿಸಿದ್ರೆ ನಡು ಮಡಚ್ಕೊಂಡು ನೀರು ನಿಲ್ಲುತ್ತೆ," ಎಂದು ಹಿಂದಕ್ಕೆ ತಳ್ಳಿದ. ತನಗೋಸ್ಕರ ಇಷ್ಟು ನಾಜೂಕಾಗಿ ಯಾರಾದರೂ ಏನನ್ನಾದರೂ ಆರಿಸಿ ಎಷ್ಟು ಕಾಲವಾಗಿತ್ತು! ಗಡಿಯಾರ ನೋಡಿಕೊಂಡು ಅವಳು ಮತ್ತೆ ಸ್ಕೂಟರಿನ ಹಿಂದೆ ಕೂತಳು.

ಆಮೇಲೆ ಹೋದದ್ದು ಅಪ್ಪನ ಕೈಕೆಳಗೆ ಪಳಗಿದವನ ಅಂಗಡಿಗೆ. ಅವನು ಕನ್ನಡಕವನ್ನು ತಲೆಯ ಮೇಲಿಂದ ಮೂಗಿಗಿಳಿಸಿ ಸೀಳನ್ನು ನೋಡಿದ, ಬೆರಳಾಡಿಸಿದ.

"ಅವಸರ ಇದ್ರೆ ಹೊಸದ್ಯಾಕೆ ಮೇಸ್ತ್ರೀ? ಒಣಗಿಸಿ, ರಬ್ಬರ್ ಟೇಪು ಬಿಗಿಯಾಗಿ ಸುತ್ತಿ, ರೇಡಿಯೇಟರ್ ಮುಚ್ಚಳ ಸ್ವಲ್ಪ ಸಡಿಲ ಬಿಟ್ಕೊಂಡು ಓಡ್ಸಿ. ಅಲ್ಲೀವರೆಗೆ ಧಾರಾಳವಾಗಿ ಹೋಗುತ್ತೆ. ನೀವೇ ಹೇಳ್ಕೊಟ್ಟಿದ್ದಲ್ವಾ?"

"ಅದು ಬಸ್ಸಿಗೆ. ಇದು ನನ್ನ ಮಗಳು ಕೂರೋ ಗಾಡಿ."

"ಬಸ್ಸಲ್ಲಿ ಕೂರ್ತಿದ್ದೋರು ಯಾರ ಮಕ್ಕಳೂ ಅಲ್ವಾ?" ಅಂಗಡಿಯವನು ನಕ್ಕ. ಒಳಗೆ ಹೋಗಿ ಒಂದು ಪೈಪು ತಂದಿಟ್ಟ. ಅದೇ ಬಾಗು, ಅದೇ ಬಾಯಿ, ಅಚ್ಚು ಹೊಯ್ದಂತಿತ್ತು.

ಅಪ್ಪ ಅದನ್ನು ಹಿಸುಕಿದ, ಮೂಸಿದ. "ಗಟ್ಟಿಯಾಗಿದೆ. ಹಳೇ ಮಾಲು. ದಾರೀಲಿ ಬಿರುಕು ಬಿಟ್ರೆ?"

ಅಂಗಡಿಯವನ ನಗು ಇಳಿಯಿತು. ಒಮ್ಮೆ ಮೇಸ್ತ್ರಿಯ ಮುಖ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಏನೋ ಹೇಳಲು ಹೊರಟವನು ಪೈಪನ್ನು ಎತ್ತಿಕೊಂಡು ಒಳಗೆ ನಡೆದ.

ಅಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ಅಪ್ಪ ರಸ್ತೆಗಿಳಿದು ಬೆನ್ನು ತಿರುಗಿಸಿ ಮಾತಾಡಿದ. ಲಾರಿಗಳ ಸದ್ದಿನ ನಡುವೆ ಅವಳ ಕಿವಿಗೆ ಬಿದ್ದದ್ದು ಇಷ್ಟೇ: "ಇನ್ನೂ ಇಲ್ಲ... ಇಲ್ಲ ಇಲ್ಲ, ಅಷ್ಟು ಹೊತ್ತಿಗೆ ಆಗೋ ಮಾತೇ ಅಲ್ಲ."

"ಯಾರಪ್ಪಾ?"

"ಇನ್ನೊಂದು ಅಂಗಡಿಯೋನು. ಹತ್ತು, ಹೋಗೋಣ."

ಊರಿನ ಆ ತುದಿಯಲ್ಲಿ ಕೊನೆಗೂ ಅಪ್ಪನಿಗೆ ಒಪ್ಪಿಗೆಯಾದ ಪೈಪು ಸಿಕ್ಕಿತು. ಅವಳ ಕಣ್ಣಿಗೆ ಅದು ಹಿಂದಿನ ಅಂಗಡಿಯದಕ್ಕಿಂತ ಬೇರೆಯಾಗಿ ಕಾಣಲಿಲ್ಲ. ಮನೆಗೆ ಬಂದು ಅಪ್ಪ ಬಾಯಿಗಳನ್ನು ಒರೆಸಿದ, ಕ್ಲಿಪ್ಪು ಬಿಗಿದ, ನೀರು ತುಂಬಿದ, ಎಂಜಿನ್ ಬಿಸಿಯಾಗಲು ಬಿಟ್ಟ, ಮತ್ತೆ ಬಿಗಿದ. ಸೋಪು ಹಚ್ಚಿ ಕೈ ತೊಳೆದು, ಉಗುರಿನ ಸಂದಿಯ ಮಸಿಯನ್ನೂ ತೆಗೆದ. ದಾರಿಯುದ್ದಕ್ಕೂ ನಿಧಾನವಾಗಿಯೇ ಓಡಿಸಿದ. ಹೊಸ ಪೈಪು, ಹೊಂದಿಕೊಳ್ಳಲಿ ಎಂದ.

ಕೋರ್ಟಿನ ಅಂಗಳಕ್ಕೆ ಕಾರು ತಿರುಗಿದಾಗ ಗುಮಾಸ್ತರು ಊಟ ಮುಗಿಸಿ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದರು. ಅವಳ ವಕೀಲೆ ಮೆಟ್ಟಿಲ ಮೇಲೆ ಒಬ್ಬಳೇ ನಿಂತಿದ್ದಳು. ಆಕೆಯ ಮುಖ ನೋಡಿದ ಮೇಲೆ ಕೇಳುವುದು ಏನೂ ಉಳಿದಿರಲಿಲ್ಲ.

"ಎಷ್ಟು ಸಲ ಕೂಗಿಸಿದ್ರು ಗೊತ್ತಾ? ಸದ್ಯಕ್ಕೆ ಮಗು ಅವರ ಹತ್ತಿರ ಇರಲಿ ಅಂತ ಆಯ್ತು. ನಾಳೆಯೊಳಗೆ ಒಪ್ಪಿಸ್ಬೇಕು."

ಅವಳು ಮೆಟ್ಟಿಲ ಮೇಲೆಯೇ ಕುಸಿದಳು. ಫೈಲಿನ ಹಾಳೆಗಳು ಕಾಲ ಬುಡದಲ್ಲಿ ಚೆಲ್ಲಾಡಿದವು. ಅಪ್ಪ ಪಕ್ಕದಲ್ಲಿ ಕೂತು ತಲೆ ನೇವರಿಸಿದ.

"ಅಳಬೇಡ ತಾಯೀ. ನನ್ನ ಕೈಲಾದದ್ದೆಲ್ಲ ನಾನು ಮಾಡಿದೆ."

ಅವಳು ಆ ಕೈಯನ್ನೇ ಎಳೆದು ಕೆನ್ನೆಗೊತ್ತಿಕೊಂಡಳು. ಲೋಕದಲ್ಲಿ ತನ್ನವರೆಂದು ಉಳಿದಿರುವುದು ಇದೊಂದೇ ಕೈ ಅನ್ನಿಸಿತು.

ಗಂಡ ಒಳಗಿನಿಂದ ಬಂದ. ಅವಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಪ್ಪನ ಮುಂದೆ ನಿಂತು ಬಗ್ಗಿ ಕೈ ಮುಗಿದ.

"ಕೊಟ್ಟ ಮಾತು ಉಳಿಸ್ಕೊಂಡ್ರಿ ಮಾವ. ನೀವು ಹೇಳಿದ ಹಾಗೇನೇ, ಮಗು ನಮ್ಮನೇಲಿದ್ರೆ ಇವಳೂ ತಾನಾಗೇ ಬರ್ತಾಳೆ."