ಎರಡನೇ ಪುಟ

"ಈಗ ನೀವೇ ಹುಡುಕಿ ಮೇಡಂ," ಎಂದು ಇಂಜಿನಿಯರ್ ಹುಡುಗಿ ಕೀಬೋರ್ಡನ್ನು ಎದುರು ಕೂತ ಅಕ್ಕತಂಗಿಯರಲ್ಲಿ ಕಣ್ಣು ಕಾಣದ ತಂಗಿಯ ಕೈಗೆ ಸರಿಸಿದಳು. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪುಸ್ತಕ ಹುಡುಕುವ ವೆಬ್‌ಸೈಟನ್ನು ಕಣ್ಣಿಲ್ಲದವರೂ ಬಳಸುವಂತೆ ತಿದ್ದಿದ್ದರು; ಎಲ್ಲರಿಗೂ ತೆರೆಯುವ ಮುಂಚೆ ಪರೀಕ್ಷಿಸಿ ನೋಡಲು ತಂಗಿಯನ್ನು ಕರೆಸಿದ್ದರು. ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಅಕ್ಕನಿಲ್ಲದೆ ತಂಗಿ ಈ ಕಟ್ಟಡಕ್ಕೆ ಕಾಲಿಟ್ಟದ್ದೇ ಇಲ್ಲ.

ಇದಕ್ಕಾಗಿ ತಂಗಿ ಅರ್ಜಿ ಕೊಟ್ಟು ಕೊಟ್ಟು ಸೋತಿದ್ದಳು. ಹಳೆಯ ಸೈಟಿನಲ್ಲಿ ಪರದೆ ಓದುವ ಯಂತ್ರದ ದನಿ "ಚಿತ್ರ, ಚಿತ್ರ, ಬಟನ್" ಎಂದು ಒದರಿ ಸುಮ್ಮನಾಗುತ್ತಿತ್ತು. "ನಿಮಗೆ ಅಕ್ಕ ಇದ್ದಾರಲ್ಲಮ್ಮ, ಮತ್ತೇನು ತೊಂದರೆ?" ಎಂದಿದ್ದರು ಗ್ರಂಥಪಾಲಕರು. ನಿಜ, ಅಕ್ಕ ಇದ್ದಳು. ಹಗಲೆಲ್ಲ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿ, ಸಂಜೆ ಇಲ್ಲಿಗೆ ಬಂದು ಪರದೆ ನೋಡಿ ಓದಿ ಹೇಳುತ್ತಿದ್ದಳು. ಹಾಗೆ ಓದಿಸಿಕೊಂಡೇ ತಂಗಿ ದೋಣಿಯವರ ಹಾಡುಗಳ ಮೇಲೆ ಪಿಎಚ್‌.ಡಿ. ಪ್ರಬಂಧ ಬರೆದಳು. ಹೋದ ವರ್ಷ ಅದು ತಿರುಗಿ ಬಂತು: ಈ ವಿಷಯದ ಮುಖ್ಯ ಪುಸ್ತಕಗಳನ್ನೇ ನೋಡಿಲ್ಲ ಎಂದು ಪರೀಕ್ಷಕರು ಷರಾ ಬರೆದು, ಒಂದು ಪುಸ್ತಕದ ಹೆಸರನ್ನೂ ಕಾಣಿಸಿದ್ದರು. "ಅದು ನಮ್ಮ ಲೈಬ್ರರೀಲಿ ಇಲ್ವೇ ಇಲ್ಲ ಕಣೇ, ಇಲ್ಲದ್ದನ್ನ ಎಲ್ಲಿಂದ ತರೋದು?" ಎಂದು ಅಕ್ಕ ಅವತ್ತು ಅವರಿಗೆ ಹಿಡಿಶಾಪ ಹಾಕಿದ್ದಳು.

ತಂಗಿ "ದೋಣಿ ಹಾಡು" ಎಂದು ಟೈಪ್ ಮಾಡಿದಳು. ದನಿ ಓದತೊಡಗಿತು. ಅಕ್ಕನ ಬಾಯಲ್ಲಿ ಕೇಳಿ ಕೇಳಿ ಆ ಪುಸ್ತಕಗಳ ಹೆಸರೆಲ್ಲ ಅವಳಿಗೆ ಬಾಯಿಪಾಠ. ದನಿಗಿಂತ ಮೊದಲೇ ಹೇಳಿ ಹೇಳಿ ನಕ್ಕಳು. ಆಮೇಲೆ ದನಿ ಹೇಳಿತು: "ಮುಂದಿನ ಪುಟ."

ಅವಳ ನಗು ನಿಂತಿತು. ಒತ್ತಿದಳು. ಯಾವತ್ತೂ ಕೇಳದ ಹೆಸರು. ಮತ್ತೊಂದು. ಅದರ ಬೆನ್ನಿಗೇ, ಪರೀಕ್ಷಕರು ಕಾಣಿಸಿದ್ದ ಪುಸ್ತಕ. "ಮೂರನೇ ಮಹಡಿ. ಲಭ್ಯವಿದೆ."

"ಇವನ್ನೆಲ್ಲ ಈಗ ತರಿಸಿದ್ದಾ?"

"ಇಲ್ಲ ಮೇಡಂ. ಸೈಟ್ ಮಾತ್ರ ಹೊಸದು. ಪುಸ್ತಕ ಎಷ್ಟೋ ವರ್ಷದಿಂದ ಇಲ್ಲೇ ಇವೆ."

ಪಕ್ಕದ ಕುರ್ಚಿ ಕಿರುಗುಟ್ಟಿತು. ದನಿ ಮಾತ್ರ ಓದುತ್ತಲೇ ಇತ್ತು, ಅದಕ್ಕೆ ದಾಕ್ಷಿಣ್ಯವೆಂಬುದಿರಲಿಲ್ಲ.

"ಹೇಗಿದೆ ಮೇಡಂ? ಇನ್ನೇನಾದ್ರೂ ಸರಿಮಾಡ್ಬೇಕಾ?"

"ಬೇಡಮ್ಮ. ಚೆನ್ನಾಗಿದೆ. ಒಂದನ್ನೂ ಬಿಡದೆ ಓದುತ್ತೆ."

ಹೊರಗಿನ ಓಣಿಯಲ್ಲಿ ಅಕ್ಕನ ಮೊಣಕೈ ಹಿಡಿದು ತಂಗಿ ನಡೆದಳು.

"ಸುಸ್ತಾಗಿರ್ತಿತ್ತು ಕಣೇ," ಎಂದಳು ಅಕ್ಕ ಕೊನೆಗೆ. "ಕಣ್ಣು ಎಳೀತಿತ್ತು."

"ಇನ್ನೂ ಇದೆಯಾ ಅಂತ ದಿನಾ ಕೇಳ್ತಿದ್ದೆನಲ್ಲಕ್ಕಾ."

"ಇದೆ ಅಂದಿದ್ರೆ ನೀನು ಬಿಡ್ತಿದ್ಯಾ? ನಂದೂ ಒಂದು ಜೀವ ಅಲ್ವೇನೇ?"

ಗ್ರಂಥಪಾಲಕರನ್ನು ಬಯ್ಯಲು ತಂಗಿಯ ಹತ್ತಿರ ವರ್ಷಗಟ್ಟಲೆ ಕೂಡಿಟ್ಟ ಮಾತುಗಳಿದ್ದವು. ಅಕ್ಕನನ್ನು ಬಯ್ಯಲು ಬಾಯಿ ಬರಲಿಲ್ಲ, ಹೋಗಲಿ ಬಿಡು ಎನ್ನಲು ಮನಸ್ಸು ಬರಲಿಲ್ಲ.

"ಮೆಟ್ಟಿಲು ಬಂತು, ಹುಷಾರು," ಎಂದಳು ಅಕ್ಕ.

ನಡೆಯಲು ಕಲಿತಾಗಿನಿಂದ ಆ ದನಿಯನ್ನು ನಂಬಿ ಹೆಜ್ಜೆ ಕಿತ್ತಿಟ್ಟವಳು ತಂಗಿ. ಇವತ್ತು ನಿಂತಳು. ಕಾಲು ಚಾಚಿ, ಚಪ್ಪಲಿಯ ತುದಿಯಿಂದ ಮೆಲ್ಲಗೆ ತಡವಿ ನೋಡಿದಳು.

ಮೆಟ್ಟಿಲು ಇದ್ದದ್ದು ನಿಜ.